ಕಿತ್ತಳೆಯ ರಸವೂ ಕೋಳಿಯ ಪಾಕವೂ

ಹುಳಿ ಸಿಹಿಗಳೆರಡೂ ಕೂಡಿದ ಕಿತ್ತಳೆಯ ರಸವನ್ನು ಕೋಳಿಯ ಮಾಂಸಕ್ಕೆ ಎರೆದು ಉಣ್ಣುವ ಮಾತನ್ನು ಇಂದು ಯಾರಾದರೂ ಎತ್ತಿದರೆ, ಕೇಳಿದವರಿಗೆ ಒಡನೆಯೆ ನೆನಪಾಗುವುದು ಪೇಟೆಯ ಚೀನೀ ಹೋಟೆಲು, ಇಲ್ಲವೆ ಅಂಗಡಿಯ ಕಪಾಟಿನಲ್ಲಿ ಸಾಲುಗೊಂಡು ನಿಂತಿರುವ ಬಣ್ಣಬಣ್ಣದ ಸಾಸಿನ ಸೀಸೆಗಳು. ಅದು ಎಲ್ಲಿಯೋ ಹೊರಗಿನದು, ನಿನ್ನೆ ಮೊನ್ನೆ ಬಂದದ್ದು, ಹಣ ಕೊಟ್ಟು ಕೊಂಡು ತರತಕ್ಕದ್ದು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ವಾಸ್ತವವಾಗಿ ಈ ಮೇಲೋಗರಕ್ಕೆ ಎಂಟುನೂರು ವರ್ಷಗಳ ಲಿಖಿತ ಚರಿತ್ರೆಯುಂಟು. ಅದರ ಮೂಲದ್ರವ್ಯಗಳಾದ ಹಣ್ಣು, ಸಕ್ಕರೆ, ಕೋಳಿ ಎಂಬ ಮೂರೂ ಪೂರ್ವದೇಶಗಳಿಂದ ಪಶ್ಚಿಮಕ್ಕೆ ಪಯಣಮಾಡಿದಂಥವು. ಅದನ್ನು ಕಹಿಯಾಗದಂತೆ, ಕಂಪು ಕೆಡದಂತೆ ಸಿದ್ಧಪಡಿಸುವ ಕೌಶಲದ ಮುಖ್ಯ ನಿಯಮವಂತೂ ನಮ್ಮ ಮನೆಗಳ ಒಲೆಯ ಮುಂದೆ, ಬೇರೊಂದು ಪದಾರ್ಥದ ನಿಮಿತ್ತವಾಗಿ, ಇಂದಿಗೂ ಜೀವಂತವಾಗಿದೆ.

ಮೊದಲು ಹಣ್ಣಿನ ವಿಚಾರ. ಕಿತ್ತಳೆ ನಿಂಬೆಗಳ ಕುಲಕ್ಕೆ ಸೇರಿದ ಮರಗಳ ತವರು ಹಿಮಾಲಯದ ಆಗ್ನೇಯದ ತಪ್ಪಲು, ಎಂದರೆ ಅಸ್ಸಾಮಿನಿಂದ ಮೊದಲ್ಗೊಂಡು ಬರ್ಮಾ, ಯುನ್ನಾನ್ ಪ್ರಾಂತಗಳವರೆಗೆ ಹಬ್ಬಿದ ಅರಣ್ಯಸೀಮೆ, ಎಂದು ಸಸ್ಯಶಾಸ್ತ್ರಜ್ಞರು ಅಭಿಪ್ರಾಯಪಡುತ್ತಾರೆ. ಸುಲಿದು ತಿನ್ನಲು ಬಾರದ, ಆದರೆ ಅಡುಗೆಗೆ ಪರಮಯೋಗ್ಯವಾದ ಹುಳಿಕಿತ್ತಳೆಯು ಚಕ್ಕೋತಕ್ಕೂ ಸಣ್ಣ ಜಾತಿಯ ಕಿತ್ತಳೆಗೂ ಉಂಟಾದ ಸಂಕರದ ಫಲ. ನಮ್ಮ ಪ್ರಾಚೀನ ವೈದ್ಯರು ಈ ಕುಲದ ಹಣ್ಣುಗಳನ್ನು ಬಹು ಸೂಕ್ಷ್ಮವಾಗಿ ಪರೀಕ್ಷಿಸಿದ್ದರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅನ್ನಪಾನದ ವಿಧಿಯನ್ನು ಹೇಳುವ ಅಧ್ಯಾಯವು ನಾಗರಂಗದ ಹಣ್ಣು ಸಿಹಿಯಾಗಿಯೂ ತುಸು ಹುಳಿಯಾಗಿಯೂ ಇದ್ದು ಮನಸ್ಸಿಗೆ ಹಿತವನ್ನೂ ಅನ್ನಕ್ಕೆ ರುಚಿಯನ್ನೂ ಉಂಟುಮಾಡುವುದೆಂದೂ, ಆದರೆ ಬೇಗನೆ ಜೀರ್ಣವಾಗದೆಂದೂ ತಿಳಿಸುತ್ತದೆ. ಅದೇ ಪ್ರಕರಣದಲ್ಲಿ ಮಾದಲದ ಹಣ್ಣಿನ ಒಳಗಣ ಕೇಸರಕ್ಕೆ ಒಂದು ಗುಣವನ್ನೂ ಉಳಿದ ಭಾಗಗಳಿಗೆ ಅದಕ್ಕೆ ವಿರುದ್ಧವಾದ ಗುಣವನ್ನೂ ಹೇಳಿರುವುದನ್ನು ಗಮನಿಸಬೇಕು. ಒಂದೇ ಹಣ್ಣಿನಲ್ಲಿ ರಸದ ಧರ್ಮವೇ ಬೇರೆ, ಸಿಪ್ಪೆಯ ಧರ್ಮವೇ ಬೇರೆ ಎಂಬ ಈ ವಿವೇಕವು ವೈದ್ಯನಿಗೆ ಎಷ್ಟು ಉಪಯುಕ್ತವೋ ಅಡುಗೆಯವನಿಗೂ ಅಷ್ಟೇ ಉಪಯುಕ್ತವೆಂಬುದು ಮುಂದೆ ತಾನಾಗಿಯೇ ಸ್ಪಷ್ಟವಾಗುವುದು.

ಈ ಹಣ್ಣು ಸಮುದ್ರವನ್ನು ದಾಟಿದ ಬಗೆಯನ್ನು ನಮಗೆ ತಿಳಿಸುವವನು ಹತ್ತನೆಯ ಶತಮಾನದ ಅರಬ್ಬೀ ಇತಿಹಾಸಕಾರನಾದ ಅಲ್-ಮಸೂದಿ. ಹಿಜರಿ 300ರ ತರುವಾಯ, ಎಂದರೆ ಕ್ರಿ. ಶ. 912ರ ಈಚೆಗೆ, ಕಿತ್ತಳೆಯನ್ನೂ ದುಂಡನೆಯ ಮಾದಲವನ್ನೂ ಭಾರತದಿಂದ ತಂದು ಮೊದಲು ಓಮಾನಿನಲ್ಲಿ ಬಿತ್ತಿದರೆಂದೂ, ಅಲ್ಲಿಂದ ಅವು ಬಸ್ರಾ, ಇರಾಕ್, ಸಿರಿಯಾಗಳಿಗೆ ಹಬ್ಬಿ ಕಡೆಗೆ ಪ್ಯಾಲೆಸ್ತೀನ್ ಈಜಿಪ್ತುಗಳಲ್ಲಿಯೂ ಬೆಳೆದುವೆಂದೂ ಆತನು ಬರೆದಿದ್ದಾನೆ. ಅಷ್ಟಕ್ಕೆ ನಿಲ್ಲದೆ, ಭಾರತದ ನೆಲ ನೀರು ಗಾಳಿಗಳು ಅಲ್ಲಿಲ್ಲದ ಕಾರಣ, ಹುಟ್ಟಿದ ನಾಡಿನಲ್ಲಿ ಆ ಹಣ್ಣಿಗಿದ್ದ ಸುಗಂಧವೂ ಸೊಗಸಾದ ವರ್ಣವೂ ಅಲ್ಲಿ ಕುಂದಿಹೋದುವೆಂದು ಹೇಳುವಾಗ ಆತನ ಮಾತಿನಲ್ಲಿ ಕಣ್ಣಾರೆ ಕಂಡವನ ದೃಢತೆಯಿದೆ. ಮಸೂದಿ ಭಾರತವನ್ನು ಕೇಳಿ ತಿಳಿದವನಲ್ಲ. ಹಿಜರಿ 304ರಲ್ಲಿ ಆತನು ಕೊಂಕಣದ ಸೈಮೂರ್ ಪಟ್ಟಣದಲ್ಲಿದ್ದನು. ಅದು ಇಂದಿನ ಚೌಲ್. ಆ ಕಡಲತೀರವು ಆಗ ರಾಷ್ಟ್ರಕೂಟರ ಅಧೀನದಲ್ಲಿತ್ತು. ಅರಬ್ಬರು ಬಲ್ಹರಾ ಎಂದು ಕರೆದು ಭಾರತದ ಅರಸರಲ್ಲೆಲ್ಲ ಶ್ರೇಷ್ಠನೆಂದು ಕೊಂಡಾಡಿದ ದೊರೆಯೇ ಮಾನ್ಯಖೇಟದ ವಲ್ಲಭರಾಜ. ಮಸೂದಿ ಬಂದ ಕಾಲಕ್ಕೆ ಆ ಪೀಠದಲ್ಲಿದ್ದವನು ಮೂರನೆಯ ಇಂದ್ರ. ರಾಜಧಾನಿಯಾದ ಮಾನ್ಯಖೇಟದ ಜನರ ನುಡಿ ಕರಾವಳಿಯ ನುಡಿಗಿಂತ ಭಿನ್ನವೆಂದು ಹೇಳಿ ಆತನು ಕೊಡುವ ಹೆಸರು ಕನ್ನಡಕ್ಕೇ ಸಲ್ಲತಕ್ಕದ್ದೆಂದು ವಿದ್ವಾಂಸರು ತಿಳಿದಿದ್ದಾರೆ. ಓಮಾನ್, ಸಿರಾಫ್, ಬಸ್ರಾ, ಬಗ್ದಾದುಗಳ ವರ್ತಕರು ಸಹಸ್ರ ಸಂಖ್ಯೆಯಲ್ಲಿ ಆ ಪಟ್ಟಣದಲ್ಲಿ ನೆಲೆಸಿದ್ದರೆಂದೂ ಆತನೇ ಬರೆದಿದ್ದಾನೆ. ಹಡಗುಗಳು ಹಣ್ಣನ್ನು ಒಯ್ದ ಆ ವರ್ಷಗಳಲ್ಲಿಯೇ ಪಶ್ಚಿಮ ಸಮುದ್ರದ ಆಚೆಯ ದಡಕ್ಕೂ ಕನ್ನಡದ ಅರಸುಮನೆಯ ಆಳ್ವಿಕೆಯಲ್ಲಿದ್ದ ಈಚೆಯ ದಡಕ್ಕೂ ಇಷ್ಟು ನಿಕಟವಾದ ಬಳಕೆಯಿತ್ತೆಂಬುದನ್ನು ನಮ್ಮ ಶಾಲೆಯ ಇತಿಹಾಸದ ಪುಸ್ತಕಗಳು ಇನ್ನೂ ಸ್ವಲ್ಪ ವಿಸ್ತಾರವಾಗಿ ಹೇಳಬಾರದೇ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಹಣ್ಣು ಹೋದಲ್ಲಿ ಅದಕ್ಕೆ ಸಿದ್ಧವಾದ ಪಾತ್ರೆಯೊಂದು ಆಗಲೇ ಒಲೆಯ ಮೇಲಿತ್ತು. ಇಸ್ಲಾಮಿಗೆ ಮುಂಚಿನ ಪಾರಸೀಕ ಸಾಮ್ರಾಜ್ಯದ ಅರಮನೆಯಲ್ಲಿ ಮಾಂಸವನ್ನು ವಿನಿಗರಿನಲ್ಲಿ ಬೇಯಿಸಿ ಜೇನನ್ನೋ ಖರ್ಜೂರದ ಪಾಕವನ್ನೋ ಬೆರೆಸಿ ಮಾಡುತ್ತಿದ್ದ ಸಿಕ್ಬಾಜ್ ಎಂಬ ಭಕ್ಷ್ಯವು ದೊರೆಗಳಿಗೆ ಅತಿಪ್ರಿಯವಾಗಿದ್ದಿತು. ಆರನೆಯ ಶತಮಾನದ ಖುಸ್ರೂ ಅನೂಷಿರ್ವಾನನ ಹೆಸರಿನೊಡನೆ ಸೇರಿಕೊಂಡ ಅದರ ಕಥೆಗಳನ್ನು ಅರಬ್ಬರು ಆಸಕ್ತಿಯಿಂದ ಹೇಳಿಕೊಳ್ಳುತ್ತಿದ್ದರು. ಅಬ್ಬಾಸೀ ಖಲೀಫರು ಬಗ್ದಾದಿನಲ್ಲಿ ನೆಲೆನಿಂತಮೇಲೆ ಪಾರಸೀಕರ ಆಡಳಿತಪದ್ಧತಿಯ ಜೊತೆಗೆ ಅವರ ಪಾಕಪದ್ಧತಿಯೂ ಅರಬ್ಬರ ಕೈಸೇರಿತು. ಕಬ್ಬಿನ ರಸವನ್ನು ಕಾಸಿ ಹರಳುಗಟ್ಟಿಸುವ ಭಾರತೀಯರ ವಿದ್ಯೆಯು ಅದಕ್ಕೆ ಮೊದಲೇ ಪಾರಸೀಕದೇಶಕ್ಕೆ ಹೋಗಿ ಖೂಜಿಸ್ತಾನದ ಬಯಲುಗಳಲ್ಲಿ ಊರಿಕೊಂಡಿದ್ದಿತಾದ ಕಾರಣ ಜೇನಿಗೆ ಬದಲಾಗಿ ಸಕ್ಕರೆ ಧನಿಕರ ಅಡುಗೆಯಲ್ಲಿ ಧಾರಾಳವಾಯಿತು. ಹುಳಿ ಶೀತ, ಸಿಹಿ ಉಷ್ಣ. ಎರಡನ್ನೂ ಹದವರಿತು ಕೂಡಿಸಿದರೆ ಧಾತುಗಳ ಸಾಮ್ಯವುಂಟಾಗುವುದೆಂದು ಯವನ ವೈದ್ಯವನ್ನು ಅನುಸರಿಸಿದ ಆ ಕಾಲದ ಹಕೀಮರು ನಂಬಿದ್ದರು. ರೋಗದಿಂದೆದ್ದವರಿಗೂ ವೃದ್ಧರಿಗೂ ಕೋಳಿಯ ಮಾಂಸವೇ ಹಿತವೆಂಬುದೂ ಅವರ ಮತ. ಇಷ್ಟರಮೇಲೆ ಹುಳಿಯ ಜೊತೆಗೆ ಪರಿಮಳವನ್ನೂ ತರುವ ಹೊಸ ಹಣ್ಣೊಂದು ಕಡಲಾಚೆಯಿಂದ ಬಂದಾಗ, ವಿನಿಗರು ಅದಕ್ಕೆ ತನ್ನ ಸ್ಥಾನವನ್ನು ಬಿಟ್ಟುಕೊಟ್ಟದ್ದು ಸಹಜ.

ಹಾಗೆ ಬಿಟ್ಟುಕೊಟ್ಟುದಕ್ಕೆ ಸಾಕ್ಷಿ 1226ರಲ್ಲಿ ರಚಿತವಾದ ‘ಕಿತಾಬ್ ಅತ್-ತಬೀಖ್’ ಎಂಬ ಪಾಕಗ್ರಂಥ. ಅದರ ಕರ್ತೃ ಮುಹಮ್ಮದ್ ಇಬ್ನ್ ಅಲ್-ಹಸನ್ ಅಲ್-ಬಗ್ದಾದಿ. ಮನುಷ್ಯನ ಸುಖಗಳನ್ನು ಅನ್ನ, ಪಾನ, ವಸ್ತ್ರ, ಕಾಮ, ಗಂಧ, ನಾದ ಎಂದು ಆರು ವರ್ಗವಾಗಿ ವಿಂಗಡಿಸಿ, ಉಳಿದೆಲ್ಲಕ್ಕೂ ಶರೀರವೇ ಆಧಾರ, ಶರೀರಕ್ಕೆ ಅನ್ನವೇ ಆಧಾರವಾದ್ದರಿಂದ ಅನ್ನಸುಖವೇ ಪ್ರಧಾನವೆಂದು ಸಾಧಿಸುವ ಗಂಭೀರ ಪ್ರಸ್ತಾವನೆಯೊಡನೆ ಆತನು ಗ್ರಂಥವನ್ನು ಆರಂಭಿಸುತ್ತಾನೆ. ಹತ್ತು ಅಧ್ಯಾಯಗಳಲ್ಲಿ ಮೊದಲನೆಯದೇ ಹುಳಿಯ ಭಕ್ಷ್ಯಗಳದು, ಹುಳಿಸಿಹಿಗಳು ಬೆರೆತವೂ ಅದರಲ್ಲಿಯೇ ಅಡಕ. ಅವುಗಳ ನಡುವೆ ನಾರಂಜಿಯ್ಯಾ ಎಂಬ ಕಿತ್ತಳೆಯ ಪಾಕವಿದೆ. ಕೊಬ್ಬುಳ್ಳ ಮಾಂಸವನ್ನು ಹದವಾಗಿ ತುಂಡರಿಸಿ ನೀರಿನಲ್ಲಿ ಕುದಿಯಿಟ್ಟು, ಮೇಲೆ ಬಂದ ನೊರೆಯನ್ನು ತೆಗೆದು, ಉಪ್ಪುನೀರಿನಲ್ಲಿ ತೊಳೆದ ಈರುಳ್ಳಿಯನ್ನೂ ನಾಲ್ಕು ಬೆರಳುದ್ದಕ್ಕೆ ಕೊಯ್ದ ಗಜ್ಜರಿಯನ್ನೂ ಹಾಕಿ, ಜೀರಿಗೆ, ಕೊತ್ತಂಬರಿ, ಚಕ್ಕೆ, ಶುಂಠಿ, ಮೆಣಸುಗಳ ಪುಡಿಯನ್ನು ಉದುರಿಸಿ, ಪುದೀನದ ಕಡ್ಡಿಗಳನ್ನು ಸೇರಿಸಿದಮೇಲೆ ಕಿತ್ತಳೆಯ ರಸದ ಸರದಿ. ಸಿಪ್ಪೆಯನ್ನು ಸುಲಿದು, ಒಳಗಣ ಬಿಳಿಯ ತೊಗಟೆಯನ್ನು ಪೂರಾ ತೆಗೆದು, ಹಣ್ಣನ್ನು ಹಿಂಡಿ ಸೋಸಿ ಎರೆಯಬೇಕೆಂದು ಹೇಳುವ ಅಲ್-ಬಗ್ದಾದಿಯು ಆ ನಡುವೆ ಒಂದು ವಿಧಿಯನ್ನು ಸೇರಿಸುತ್ತಾನೆ: ಸುಲಿಯುವವನು ಒಬ್ಬನಾಗಿರಲಿ, ಹಿಂಡುವವನು ಮತ್ತೊಬ್ಬನಾಗಿರಲಿ.

ಮೊದಲ ಓದಿಗೆ ಇದು ಆಳುಕಾಳು ತುಂಬಿದ ಸಿರಿವಂತರ ಮನೆಯ ಆಡಂಬರವೆಂದು ತೋರೀತು. ಆದರೆ ಇದೇ ಕುಲದ ಹೇರಳೆಯ ಹಣ್ಣನ್ನು ಒಮ್ಮೆ ಕೈಯಾರೆ ಬಿಡಿಸಿ ನೋಡಿದವರಿಗೆ ಆ ವಿಧಿಯ ಅರ್ಥ ತಟ್ಟನೆ ಹೊಳೆಯುತ್ತದೆ. ದಪ್ಪನಾದ, ಗಂಟುಗಂಟಾದ ಆ ಸಿಪ್ಪೆಗೆ ಉಗುರು ತಾಕಿಸಿದ ಕ್ಷಣವೇ ಅದರ ಮೇಲ್ಪೊರೆಯಲ್ಲಿರುವ ಸಣ್ಣ ತೈಲದ ಚೀಲಗಳು ಒಡೆದು ತುಂತುರು ಹಾರುತ್ತದೆ. ಕಣ್ಣು ಚುರುಗುಟ್ಟುತ್ತದೆ, ಬೆರಳ ತುದಿಗಳು ಜಿಡ್ಡುಗಟ್ಟಿ ಹೊಳೆಯುತ್ತವೆ. ಆ ಬೆರಳನ್ನು ನಾಲಗೆಗೆ ಮುಟ್ಟಿಸಿದರೆ ಮೊದಲು ಉರಿ, ಅನಂತರ ಬಹಳ ಹೊತ್ತು ಬಿಡದ ಕಹಿ. ಅದೇ ಕೈಯಿಂದ ತೊಳೆಗಳನ್ನು ಹಿಂಡಿದರೆ ಆ ಕಹಿಯೆಲ್ಲ ರಸಕ್ಕೆ ಇಳಿಯುತ್ತದೆ. ನೀರಿನಿಂದ ತೊಳೆದರೂ ಆ ತೈಲ ಸುಲಭವಾಗಿ ಹೋಗುವುದಿಲ್ಲ. ಸೀಗೆಪುಡಿಯನ್ನೋ ಸಾಬೂನನ್ನೋ ಹಾಕಿ ಉಜ್ಜಬೇಕು. ನಮ್ಮ ಮನೆಯಲ್ಲಿ ಹೇರಳೆಕಾಯಿಯ ಚಿತ್ರಾನ್ನ ಮಾಡುವ ದಿನ ಹಣ್ಣನ್ನು ಕೊಯ್ದ ಹಲಗೆಯ ಮೇಲೆ ಮತ್ತೇನನ್ನೂ ಹೆಚ್ಚಲು ಹಿರಿಯರು ಬಿಡುತ್ತಿರಲಿಲ್ಲ. ಬಗ್ದಾದಿನ ಗ್ರಂಥಕಾರನು ಇಬ್ಬರ ಕೈಗಳಿಂದ ಸಾಧಿಸಿದ್ದನ್ನು ಅವರು ಎರಡು ಹಲಗೆಗಳಿಂದ ಸಾಧಿಸುತ್ತಿದ್ದರು.

ಈ ಹಣ್ಣುಗಳ ಕಹಿಯ ಮೂಲವನ್ನು ರಸಾಯನಶಾಸ್ತ್ರವು ಈಗ ಚೆನ್ನಾಗಿ ವಿವರಿಸಿದೆ. ಬಿಳಿಯ ತೊಗಟೆಯಲ್ಲಿರುವ ನಾರಿಂಜಿನ್ ಮೊದಲಾದ ದ್ರವ್ಯಗಳು ನಾಲಗೆಗೆ ತಗಲಿದೊಡನೆಯೆ ಕಹಿ. ಇವುಗಳಲ್ಲದೆ ಇನ್ನೊಂದು ಬಗೆಯ ಕಹಿಯಿದೆ; ಅದು ತಡವಾಗಿ ಬರುವಂಥದು. ಇಡಿಯ ಹಣ್ಣಿನಲ್ಲಿ ರುಚಿಯಿಲ್ಲದೆ ಅಡಗಿರುವ ಪದಾರ್ಥವೊಂದು, ಹಣ್ಣನ್ನು ಹಿಂಡಿ ಹುಳಿರಸದೊಡನೆ ಅದು ಬೆರೆತ ಮೇಲೆ, ನಿಧಾನವಾಗಿ ಲಿಮೋನಿನ್ ಎಂಬ ಕಹಿವಸ್ತುವಾಗಿ ಪರಿಣಮಿಸುತ್ತದೆ. ಬೆಂಕಿಯ ಕಾವು ತಗಲಿದರೆ ಆ ಪರಿಣಾಮ ಶೀಘ್ರವಾಗುತ್ತದೆ. ಹಿಂಡಿದಾಗ ಸಿಹಿಯಾಗಿದ್ದ ರಸವು ಕೆಲವು ಗಂಟೆಗಳ ತರುವಾಯ ಕಹಿಯಾಗುವುದಕ್ಕೂ, ಕುದಿಸಿದ ನಿಂಬೆಯ ರಸ ಬಾಯಿಗೆ ಹಿತವಾಗದಿರುವುದಕ್ಕೂ ಇದೇ ಕಾರಣ. ಪರಿಮಳದ ತೈಲವಾದರೋ ಕಾವಿಗೆ ಹಾರಿಹೋಗುವ ಸ್ವಭಾವದ್ದು. ಆದ್ದರಿಂದ ರಸವನ್ನು ಹೆಚ್ಚು ಹೊತ್ತು ಕುದಿಸಿದವನಿಗೆ ಕಂಪು ನಷ್ಟ, ಕಹಿ ಲಾಭ. ಚಿತ್ರಾನ್ನಕ್ಕೆ ಒಗ್ಗರಣೆಯನ್ನು ಇಳಿಸಿ, ಕಾವು ಆರಿದ ಮೇಲೆಯೇ ನಿಂಬೆಯನ್ನು ಹಿಂಡಬೇಕೆಂದು ನಮ್ಮ ತಾಯಂದಿರು ಮಕ್ಕಳಿಗೆ ಹೇಳಿಕೊಡುವ ನಿಯಮವು ಯಾವ ಪುಸ್ತಕವನ್ನೂ ನೋಡದೆ ಈ ಶಾಸ್ತ್ರವನ್ನೆಲ್ಲ ಒಳಗೊಂಡಿದೆ.

ಅಲ್-ಬಗ್ದಾದಿಯು 1239ರಲ್ಲಿ ತೀರಿಕೊಂಡನು. ಆತನ ನಗರವನ್ನು ಮಂಗೋಲರು 1258ರಲ್ಲಿ ಹಾಳುಗೆಡವಿದರು, ಗ್ರಂಥಭಂಡಾರಗಳು ನಾಶವಾದುವು. ಆದರೂ ಈ ಒಂದು ಪಾಕಗ್ರಂಥ ಹೇಗೋ ಉಳಿದು ಇಸ್ತಾಂಬುಲನ್ನು ಸೇರಿತ್ತು. ಅದನ್ನು ಮೋಸುಲ್ ನಗರದ ದಾವೂದ್ ಚೆಲೆಬಿ ಎಂಬ ವಿದ್ವಾಂಸರು ಪತ್ತೆಹಚ್ಚಿ 1934ರಲ್ಲಿ ಅಚ್ಚುಹಾಕಿಸಿದರು. ಆರ್ಥರ್ ಆರ್ಬೆರಿ ಮಾಡಿದ ಅದರ ಇಂಗ್ಲಿಷ್ ಅನುವಾದವು 1939ರಲ್ಲಿ ಮೊದಲು ಬೆಳಕು ಕಂಡದ್ದು ಲಂಡನ್ನಿನಲ್ಲಲ್ಲ, ಹೈದರಾಬಾದಿನಿಂದ ಹೊರಡುತ್ತಿದ್ದ ‘ಇಸ್ಲಾಮಿಕ್ ಕಲ್ಚರ್’ ಎಂಬ ಪತ್ರಿಕೆಯಲ್ಲಿ. ಅಂದಿನ ಹೈದರಾಬಾದ್ ಸಂಸ್ಥಾನದ ಕಲಬುರಗಿ ಜಿಲ್ಲೆಯಲ್ಲಿಯೇ ಮಳಖೇಡ, ಎಂದರೆ ಬಲ್ಹರಾನ ರಾಜಧಾನಿಯಾಗಿದ್ದ ಮಾನ್ಯಖೇಟ, ಇದ್ದಿತು. ಭಾರತದಿಂದ ಹೋದ ಹಣ್ಣಿನ ಅರಬ್ಬೀ ಪಾಕವು ಸಾವಿರ ವರ್ಷಗಳ ಬಳಿಕ ದಖ್ಖನಿನ ಮುದ್ರಣಾಲಯದ ಮೂಲಕವೇ ಜಗತ್ತಿಗೆ ಪುನಃ ಪರಿಚಿತವಾದುದನ್ನು ನೆನೆದಾಗ ನನಗೆ ನಿಜವಾದ ಸಂತೋಷವಾಗುತ್ತದೆ.

ಇತ್ತ ಹಣ್ಣಿನ ಮರಗಳು ಮೆಡಿಟರೇನಿಯನ್ ಸಮುದ್ರದ ಸುತ್ತಲೂ ನೆಲೆಗೊಳ್ಳುತ್ತಿದ್ದುವು. ಅರಬ್ಬರು ಆಳಿದ ಸಿಸಿಲಿಯಲ್ಲಿಯೂ ಸ್ಪೇನಿನಲ್ಲಿಯೂ ಅವು ಉದ್ಯಾನಗಳ ಅಲಂಕಾರವಾದುವು. ಅರಬ್ಬರ ಬಳಿಕ ಸಿಸಿಲಿಯನ್ನಾಳಿದ ನಾರ್ಮನ್ ದೊರೆ ಎರಡನೆಯ ರೋಜರನ ಅರಮನೆಯ ತೋಟವನ್ನು ವರ್ಣಿಸಿದವರೂ ಅರಬ್ಬೀ ಕವಿಗಳೇ. ತೋಟದಿಂದ ಅಡುಗೆಮನೆಗೆ ದೂರವೆಷ್ಟು? ಸುಮಾರು 1300ರ ಹೊತ್ತಿಗೆ ನೇಪಲ್ಸಿನ ರಾಜಾಸ್ಥಾನದ ಸಂಪರ್ಕದಲ್ಲಿ ಹುಟ್ಟಿತೆಂದು ಹೇಳುವ, ಲ್ಯಾಟಿನ್ ಭಾಷೆಯ ‘ಲಿಬೆರ್ ದೆ ಕೊಕ್ವಿನಾ’ ಎಂಬ ಗ್ರಂಥದಲ್ಲಿ ಲಿಮೋನಿಯಾ ಎಂಬ ಕೋಳಿಯ ಪಾಕ ಸಿಕ್ಕುತ್ತದೆ. ಅದೇ ಗ್ರಂಥದಲ್ಲಿ ದಾಳಿಂಬೆಯ ರಸದ ಕೋಳಿಗೂ ಅರಬ್ಬರ ಹೆಸರೇ ಇದೆ. ಫ್ರೆಂಚ್ ಪಂಡಿತ ಮಾಕ್ಸೀಮ್ ರೊಡಿನ್ಸನ್ ಈ ಹೆಸರುಗಳ ಜಾಡನ್ನು ಹಿಡಿದು ಹೋಗಿ ಅರಬ್ಬೀ ಪಾಕಗ್ರಂಥಗಳಿಗೂ ಇಟಲಿಯ ಅಡುಗೆಗೂ ಇರುವ ಸಂಬಂಧವನ್ನು ಕಳೆದ ಶತಮಾನದ ನಡುವಿನಲ್ಲಿ ಬೆಳಕಿಗೆ ತಂದರು.

ಲಿಮೋನಿಯಾದ ಕ್ರಮ ಹೀಗೆ: ಕೋಳಿಯನ್ನು ಕೊಬ್ಬಿನಲ್ಲಿ ಈರುಳ್ಳಿಯೊಡನೆ ಹುರಿಯಬೇಕು, ಸುಲಿದ ಬಾದಾಮಿಯನ್ನು ಅರೆದು ಮಾಂಸದ ಸಾರಿನಲ್ಲಿ ಕದಡಿ ಸೋಸಿ, ಆ ಹಾಲನ್ನು ಕೋಳಿಗೂ ಮಸಾಲೆಗೂ ಕೂಡಿಸಿ ಬೇಯಿಸಬೇಕು, ಬಾದಾಮಿ ದೊರೆಯದಿದ್ದರೆ ಮೊಟ್ಟೆಯ ಹಳದಿಯಿಂದ ಸಾರನ್ನು ಗಟ್ಟಿಮಾಡಬಹುದು, ಬಡಿಸುವ ಹೊತ್ತು ಸಮೀಪಿಸಿದಾಗ ನಿಂಬೆಯ ರಸವನ್ನೋ ಹುಳಿಕಿತ್ತಳೆಯ ರಸವನ್ನೋ ಹಾಕಬೇಕು. ಈ ಕಡೆಯ ವಾಕ್ಯ ನನಗೆ ಇಡೀ ಗ್ರಂಥದಲ್ಲಿಯೇ ಅತ್ಯಮೂಲ್ಯವೆಂದು ತೋರುತ್ತದೆ. ಬಡಿಸುವ ಹೊತ್ತು ಸಮೀಪಿಸಿದಾಗ! ನೇಪಲ್ಸಿನ ಹೆಸರಿಲ್ಲದ ಆ ಅಡುಗೆಯವನಿಗೆ ಲಿಮೋನಿನ್ ಎಂಬುದು ತಿಳಿಯದು, ನಮ್ಮ ಚಿತ್ರಾನ್ನವೂ ತಿಳಿಯದು. ಆದರೆ ಒಲೆಯ ಮುಂದೆ ನಿಂತು ನಾಲಗೆಯಿಂದ ಪರೀಕ್ಷಿಸಿ ಆತನು ಕಂಡುಕೊಂಡದ್ದೂ ನಮ್ಮ ಮನೆಯ ಹೆಂಗಸರು ಕಂಡುಕೊಂಡದ್ದೂ ಒಂದೇ ಸತ್ಯ.

ನಾವು ಹುಳಿಸಿಹಿಯ ಕಿತ್ತಳೆಸಾಸ್ ಎಂದು ಇಂದು ಕರೆಯುವುದಕ್ಕೆ ಅತ್ಯಂತ ಹತ್ತಿರವಾದ ರೂಪವನ್ನು ಇನ್ನೂ ಒಂದೂವರೆ ಶತಮಾನದ ಮೇಲೆ ಕೋಮೋ ಪ್ರಾಂತದ ಮಾರ್ತೀನೋ ಎಂಬ ಪಾಕಪ್ರವೀಣನ ಪುಸ್ತಕದಲ್ಲಿ ಕಾಣುತ್ತೇವೆ. ಅಕ್ವಿಲೇಯಾದ ಧರ್ಮಾಧಿಪತಿಯಾದ ಕಾರ್ಡಿನಲ್ ಒಬ್ಬರಿಗೆ ಅಡುಗೆ ಮಾಡುತ್ತಿದ್ದ ಈತನು ಹುರಿದ ಕೋಳಿಗೆ ಹೇಳುವ ಕ್ರಮ ಬಹು ಸಂಕ್ಷಿಪ್ತ. ಕೋಳಿ ಕೆಂಡದ ಮುಂದೆ ಪಕ್ವವಾದಮೇಲೆ ಕಿತ್ತಳೆಯ ರಸಕ್ಕೆ, ಇಲ್ಲವೆ ಕಾಯಿದ್ರಾಕ್ಷಿಯ ಹುಳಿರಸಕ್ಕೆ, ಪನ್ನೀರು, ಸಕ್ಕರೆ, ನುಣ್ಣನೆ ಕುಟ್ಟಿದ ಚಕ್ಕೆ ಇವುಗಳನ್ನು ಬೆರೆಸಿ, ತಟ್ಟೆಯಲ್ಲಿಟ್ಟ ಕೋಳಿಯ ಮೇಲೆ ಎರೆದು ಪಂಕ್ತಿಗೆ ಕಳುಹಿಸತಕ್ಕದ್ದು. ಇಲ್ಲಿ ರಸವು ಬೆಂಕಿಯನ್ನು ಕಾಣುವುದೇ ಇಲ್ಲ. ಮಾರ್ತೀನೋವಿನ ಈ ಪಾಕಗಳನ್ನು ರೋಮಿನ ಮಾನವತಾವಾದಿ ಪಂಡಿತನಾದ ಪ್ಲಾತಿನಾ ಲ್ಯಾಟಿನಿಗೆ ತಿರುಗಿಸಿ, ಯೋಗ್ಯವಾದ ಸುಖವನ್ನೂ ಆರೋಗ್ಯವನ್ನೂ ಕುರಿತ ತನ್ನ ಗ್ರಂಥದಲ್ಲಿ, ಗುರುವಿನ ಹೆಸರನ್ನು ಮರೆಯದೆ ಸೇರಿಸಿದನು. 1470ರ ದಶಕದಲ್ಲಿ ಅಚ್ಚಾದ ಆ ಗ್ರಂಥವೇ ಜಗತ್ತಿನ ಪ್ರಥಮ ಮುದ್ರಿತ ಪಾಕಗ್ರಂಥವೆಂದು ಗಣಿತವಾಗಿದೆ. ಹೀಗೆ ಅಚ್ಚಿನ ಮೊಳೆಗಳಿಗೆ ಏರಿದ ಮೊತ್ತಮೊದಲಿನ ಪಾಕಗಳ ಸಾಲಿನಲ್ಲಿಯೇ ಕಿತ್ತಳೆಯ ರಸದ ಕೋಳಿಗೆ ಸ್ಥಾನ ಸಿಕ್ಕಿತು.

ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. 1591ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಪಾಕಪುಸ್ತಕವೊಂದು ಕೊಬ್ಬಿಸಿದ ಹುಂಜವನ್ನು ಕಿತ್ತಳೆ ನಿಂಬೆಗಳೊಡನೆ ಬೇಯಿಸುವ ಕ್ರಮವನ್ನು ಕೊಡುತ್ತದೆ. ಖರ್ಜೂರ, ಒಣದ್ರಾಕ್ಷಿ, ಜಾಪತ್ರೆ, ಪನ್ನೀರು, ದ್ರಾಕ್ಷಾರಸ, ದೊಡ್ಡದೊಂದು ಸಕ್ಕರೆಯ ಹರಳು ಎಂಬ ಅದರ ಸಾಮಗ್ರಿಯ ಪಟ್ಟಿಯನ್ನು ಓದುವಾಗ ಬಗ್ದಾದಿನ ನೆನಪು ಇನ್ನೂ ಮಾಸಿಲ್ಲವೆನ್ನಿಸುತ್ತದೆ. ಆದರೆ ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ರುಚಿಯ ಗತಿಯೇ ಬದಲಾಯಿತು. 1651ರಲ್ಲಿ ಲಾ ವಾರೆನ್ನನ ಗ್ರಂಥ ಹೊರಟ ಕಾಲದಿಂದ ಈಚೆಗೆ ಸಕ್ಕರೆಯನ್ನು ಮಾಂಸದ ತಟ್ಟೆಯಿಂದ ದೂರಮಾಡಿ ಊಟದ ಕೊನೆಯ ಭಕ್ಷ್ಯಗಳಿಗೆ ಮೀಸಲಿಡುವ ಪದ್ಧತಿ ಅಲ್ಲಿ ಬಲಗೊಂಡಿತು. ಈ ವಿಭಜನೆಯಿಂದ ಪಾಶ್ಚಾತ್ಯ ಅಡುಗೆಗೆ ಒಂದು ಬಗೆಯ ಶುದ್ಧಿ ಬಂದಿರಬಹುದು. ಆದರೂ ಒಂದೇ ತುತ್ತಿನಲ್ಲಿ ಹಲವು ರಸಗಳನ್ನು ಅನುಭವಿಸುವ ಸಂಸ್ಕಾರ ಕಳೆದುಹೋದದ್ದು ದೊಡ್ಡ ನಷ್ಟವೆಂದೇ ನಾನು ಎಣಿಸುತ್ತೇನೆ. ಹುಳಿಕಿತ್ತಳೆಯ ಸಾಸ್ ಅಲ್ಲಿ ಬಾತುಕೋಳಿಯ ಜೊತೆಗೆ ಬಿಗರಾದ್ ಎಂಬ ಹೆಸರಿನಿಂದ ಉಳಿದುಕೊಂಡು 1903ರ ಎಸ್ಕೊಫಿಯೇ ಅವರ ಮಹಾಗ್ರಂಥದಲ್ಲಿ ಗೌರವದ ಸ್ಥಾನವನ್ನು ಪಡೆದಿದೆ. ಈ ನಡುವೆ ಪೋರ್ಚುಗೀಸರೂ ಜಿನೋವದ ವರ್ತಕರೂ ಪೂರ್ವದಿಂದ ಒಯ್ದ ಸಿಹಿಕಿತ್ತಳೆಯು ಯೂರೋಪಿನ ತೋಟಗಳಲ್ಲಿ ಹುಳಿಕಿತ್ತಳೆಯನ್ನು ಹಿಂದಕ್ಕೆ ತಳ್ಳಿದ್ದಿತು.

ಚೀನಾದೇಶದ ಪರಂಪರೆ ಇದರಿಂದ ಸ್ವತಂತ್ರವಾದುದು. ಅದು ಅವಲಂಬಿಸಿದ್ದು ರಸವನ್ನಲ್ಲ, ಸಿಪ್ಪೆಯನ್ನು. ಕ್ವಾಂಗ್‌ಟುಂಗ್ ಪ್ರಾಂತದ ಸಿನ್‌ಹ್ವೇ ಎಂಬ ಸೀಮೆಯಲ್ಲಿ ಸಣ್ಣ ಕಿತ್ತಳೆಯ ಸಿಪ್ಪೆಯನ್ನು ಒಣಗಿಸಿ ಮೂರು ವರ್ಷಗಳಿಗೂ ಮೇಲ್ಪಟ್ಟು ಹಳತುಮಾಡಿ ಇಡುತ್ತಾರೆ. ವಯಸ್ಸಾದಷ್ಟೂ ಅದಕ್ಕೆ ಬೆಲೆ. ಆಗ ತೀಕ್ಷ್ಣವಾದ ತೈಲವು ತಗ್ಗಿ ಗಂಭೀರವಾದ ಗಂಧವೊಂದು ಉಳಿಯುತ್ತದೆ. ಸಿಚುವಾನಿನವರು ಆ ಸಿಪ್ಪೆಯನ್ನು ಒಣಮೆಣಸಿನಕಾಯಿಯೊಡನೆ ಹುರಿದ ಕೋಳಿಗೆ ಸೇರಿಸುವರು. ಅಲ್ಲಿಂದ ವಲಸೆಹೋದ ಅಡುಗೆಯವರ ಕೈಯಲ್ಲಿ ಈ ಪಾಕ ಅಮೆರಿಕವನ್ನು ಮುಟ್ಟಿದಾಗ ಸಿಪ್ಪೆಯ ಸ್ಥಾನಕ್ಕೆ ಸಕ್ಕರೆಯ ಪಾಕ ಬಂದಿತು. ಪಾಂಡಾ ಎಕ್ಸ್‌ಪ್ರೆಸ್ ಸಂಸ್ಥೆಯ ಆಂಡಿ ಕಾವೋ 1987ರಲ್ಲಿ ಹವಾಯಿಯಲ್ಲಿ ರೂಪಿಸಿದ ಕಿತ್ತಳೆಕೋಳಿಯು ಇಂದು ಅಮೆರಿಕದ ಮನೆಮಾತು. ನಮ್ಮ ನಗರಗಳ ಹೋಟೆಲುಗಳಿಗೆ ಬಂದಿರುವುದೂ ಬಹುಮಟ್ಟಿಗೆ ಅದರ ಛಾಯೆಯೇ. ಹಿಟ್ಟಿನಲ್ಲಿ ಹೊರಳಿಸಿ ಕರಿದ ತುಂಡುಗಳಿಗೆ ಮೆಕ್ಕೆಜೋಳದ ಪಿಷ್ಟದಿಂದ ಗಟ್ಟಿಮಾಡಿದ ಸಿಹಿಯಾದ ಸಾಸನ್ನು ಲೇಪಿಸುವ ಆ ಕ್ರಮ ರುಚಿಯಾದುದೇ ಸರಿ. ಆದರೆ ಅಲ್ಲಿ ಸಿಹಿ ಮುಂದಾಗಿ ಹುಳಿ ಹಿಂದಾಗಿದೆ, ಕಹಿಯಂತೂ ಮಾಯವಾಗಿದೆ. ಎರಡು ತುತ್ತಿಗೆ ನಾಲಗೆ ದಣಿಯುವುದು ಇದರಿಂದಲೇ.

ಕನ್ನಡನಾಡಿನಲ್ಲಿ ಈ ಪಾಕ ಏಕೆ ರೂಢಿಗೆ ಬರಲಿಲ್ಲ ಎಂದು ಕೆಲವರು ಕೇಳಬಹುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಮಾಂಸವನ್ನು ಆಮ್ಲರಸಗಳೊಡನೆ ಪಕ್ವಗೊಳಿಸುವ ಕ್ರಮಗಳು ವಿಸ್ತಾರವಾಗಿವೆ, ಆದುದರಿಂದ ಹುಳಿಗೂ ಮಾಂಸಕ್ಕೂ ನಮ್ಮಲ್ಲಿ ಎಂದೂ ವಿರೋಧವಿರಲಿಲ್ಲ. ಹುಣಿಸೆ ಎಲ್ಲೆಡೆಯೂ ಸುಲಭವಾಗಿ ದೊರೆಯುತ್ತಿದ್ದುದರಿಂದ ಹಣ್ಣಿನ ರಸವನ್ನು ಮಾಂಸಕ್ಕೆ ಅರಸಿಕೊಂಡು ಹೋಗುವ ಅಗತ್ಯ ಬೀಳಲಿಲ್ಲವೆಂದು ಊಹಿಸಬಹುದು. ಕೊಡಗಿನಲ್ಲಿ ಕೈಪುಳಿ ಎಂಬ ಹುಳಿಕಿತ್ತಳೆಯನ್ನು ಬೆಲ್ಲವನ್ನೂ ಹಸಿಮೆಣಸಿನಕಾಯಿಯನ್ನೂ ಕೂಡಿಸಿ ಪಲ್ಯಕ್ಕೆ ಬಳಸುತ್ತಾರೆ. ಹಳೆಯ ಮೈಸೂರಿನವರೂ ಮಲೆನಾಡಿನವರೂ ಹೇರಳೆಕಾಯಿಯ ಗೊಜ್ಜನ್ನು ಬಲ್ಲರು. ಹುಣಿಸೆಯ ರಸ, ಬೆಲ್ಲ, ಮೆಣಸಿನಪುಡಿ, ಹುರಿದ ಎಳ್ಳು ಇವುಗಳ ನಡುವೆ ಹೇರಳೆಯ ಹೋಳು ಕುದಿದು ಹುಳಿ, ಸಿಹಿ, ಖಾರ, ಉಪ್ಪುಗಳ ಜೊತೆಗೆ ಕಹಿಯನ್ನೂ ಒಂದು ರಸವಾಗಿ ಅಂಗೀಕರಿಸುವ ಆ ಗೊಜ್ಜು, ಪ್ರಪಂಚದ ಯಾವ ಕಿತ್ತಳೆಸಾಸಿಗೂ ಕಡಿಮೆಯಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಅಲ್-ಬಗ್ದಾದಿಯ ವಿಧಿಯನ್ನು ಕಲಿಯಲು ಬೇಕಾದ ಪೂರ್ವಸಿದ್ಧತೆಯೆಲ್ಲ ಈ ಗೊಜ್ಜನ್ನೂ ಚಿತ್ರಾನ್ನವನ್ನೂ ಮಾಡುವವರಲ್ಲಿ ಆಗಲೇ ಇದೆ.

ಆದ್ದರಿಂದ ಮಾಂಸಾಹಾರಿಗಳಾದ ಓದುಗರು ಸೀಸೆಯನ್ನು ಕೊಳ್ಳುವುದರ ಬದಲು ಹೀಗೆ ಮಾಡಿ ನೋಡಲಿ. ಒಂದು ಕಿಲೋ ಕೋಳಿಗೆ ಐದಾರು ಕಿತ್ತಳೆ, ಒಂದು ಹೇರಳೆ ಅಥವಾ ಎರಡು ನಿಂಬೆ, ಹುಳಿಗೆ ತಕ್ಕಷ್ಟು ಬೆಲ್ಲ. ಹಣ್ಣುಗಳನ್ನು ತೊಳೆದು, ಒಂದೆರಡು ಕಿತ್ತಳೆಗಳ ಮೇಲ್ಪೊರೆಯನ್ನು ಮಾತ್ರ, ಬಿಳಿಯ ಭಾಗ ಸೇರದಂತೆ, ತೆಳ್ಳಗೆ ತುರಿದಿಟ್ಟುಕೊಳ್ಳಬೇಕು. ಅನಂತರ ಕೈಯನ್ನೂ ಹಲಗೆಯನ್ನೂ ಚೆನ್ನಾಗಿ ತೊಳೆದು ರಸವನ್ನು ಹಿಂಡಿ, ಬೀಜವಿಲ್ಲದಂತೆ ಸೋಸಬೇಕು. ಕೋಳಿಯನ್ನು ಈರುಳ್ಳಿ, ಶುಂಠಿ, ಚಕ್ಕೆ, ಕುಟ್ಟಿದ ಮೆಣಸುಗಳೊಡನೆ ಹುರಿದು, ಉಪ್ಪು ಹಾಕಿ, ಸ್ವಲ್ಪ ನೀರಿನಲ್ಲಿ ಮುಚ್ಚಿ ಬೇಯಿಸಿರಲಿ. ಕಿತ್ತಳೆಯ ರಸದಲ್ಲಿ ಮುಕ್ಕಾಲು ಪಾಲನ್ನು ಬೆಲ್ಲದೊಡನೆ ಬೇರೆ ಬಾಣಲೆಯಲ್ಲಿ ಅರ್ಧಕ್ಕೆ ಇಳಿಯುವಷ್ಟು ಮಾತ್ರ ಕಾಸಿ, ಬೆಂದ ಕೋಳಿಗೆ ಸುರಿದು, ತುಂಡುಗಳಿಗೆ ಅಂಟಿಕೊಳ್ಳುವ ಹದ ಬಂದೊಡನೆ ಪಾತ್ರೆಯನ್ನು ಇಳಿಸಿಬಿಡಬೇಕು. ಕುದಿ ಪೂರ್ತಿಯಾಗಿ ನಿಂತಮೇಲೆ ಉಳಿದ ಕಾಲುಪಾಲು ರಸ, ಹೇರಳೆಯ ಹುಳಿ, ತುರಿದ ಸಿಪ್ಪೆ ಇವುಗಳನ್ನು ಸೇರಿಸಿ ಒಮ್ಮೆ ತಿರುವಿದರೆ ಕಾಸಿದ ರಸದಿಂದ ಬಂದ ಸಾಂದ್ರತೆಯೂ ಹಸಿಯ ರಸದಿಂದ ಬಂದ ಕಂಪೂ ಒಟ್ಟಿಗೆ ನಿಲ್ಲುತ್ತವೆ. ಉಂಡುಳಿದದ್ದನ್ನು ಮಾರನೆಯ ದಿನ ಮತ್ತೆ ಕಾಸಿದರೆ ಕಹಿ ತಲೆಯೆತ್ತೀತು. ಅಂದಿನದನ್ನು ಅಂದೇ ಉಣ್ಣುವುದು ಲೇಸು.

ಕಿತ್ತಳೆ ನಿಂಬೆಗಳಿಗೆ ಪೇಟೆಯಲ್ಲಿ ಕೊರತೆಯಿಲ್ಲ, ಕಾಣೆಯಾಗುತ್ತಿರುವುದು ಹೇರಳೆ. ಹಿತ್ತಿಲುಗಳು ಕಿರಿದಾಗಿ ಅಲ್ಲಿದ್ದ ಮುಳ್ಳಿನ ಮರಗಳನ್ನು ಒಂದೊಂದಾಗಿ ಕಡಿಯುತ್ತಿರುವುದನ್ನು ನೋಡಿದಾಗ ವ್ಯಥೆಯಾಗುತ್ತದೆ. ಸುಲಿದು ತಿನ್ನಲು ಬಾರದ ಹಣ್ಣೆಂಬ ಕಾರಣಕ್ಕೆ ಅದನ್ನು ನಿಷ್ಪ್ರಯೋಜಕವೆಂದು ಎಣಿಸಬಾರದು; ಬೇರೆ ಯಾವ ಹಣ್ಣೂ ಕೊಡಲಾರದ ಹುಳಿಯನ್ನೂ ಕಂಪನ್ನೂ ಅದು ಅಡುಗೆಗೆ ಕೊಡುತ್ತದೆ. ಇನ್ನೂ ಆ ಮರವನ್ನು ಉಳಿಸಿಕೊಂಡಿರುವ ಮನೆಯವರು ದಯವಿಟ್ಟು ಅದನ್ನು ಕಡಿಸದಿರಲಿ. ಕಾಯಿ ಹೆಚ್ಚಾದ ವರ್ಷ ನೆರೆಹೊರೆಯವರಿಗೆ ಹಂಚಲಿ, ಬೀಜವನ್ನು ಕೇಳಿದವರಿಗೆ ಕೊಡಲಿ.